ಚೀನೀ ಓದಿದವಳು ಪೀಣ್ಯಕ್ಕೆ ಹೋದದ್ದು

ಕಾಲೇಜಿನಲ್ಲಿ ನಾನು ಚೀನೀ ಭಾಷೆ ತೆಗೆದುಕೊಂಡದ್ದಕ್ಕೆ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ. ಅತ್ತಿಬೆಲೆ ಕಡೆಗಿದ್ದ ಆ ಕಾಲೇಜಿನಲ್ಲಿ ಎಲ್ಲರೂ ಒಂದು ವಿದೇಶಿ ಭಾಷೆ ಕಲಿಯಲೇಬೇಕಿತ್ತು. ಫ್ರೆಂಚ್ ತರಗತಿ ತುಂಬಿಹೋಗಿತ್ತು. ಜರ್ಮನ್ ನನ್ನ ಅರ್ಥಶಾಸ್ತ್ರದ ವೇಳೆಗೇ ಬೀಳುತ್ತಿತ್ತು. ಉಳಿದದ್ದು ಚೀನೀ. ಹಾಸ್ಟೆಲಿನಿಂದ ಶನಿವಾರ ಟಿ. ದಾಸರಹಳ್ಳಿಯ ಮನೆಗೆ ಹೋಗಿ ವಿಷಯ ಹೇಳಿದಾಗ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಕೈ ನಿಲ್ಲಿಸಿದಳು.

"ಅದನ್ನ ಓದಿ ಏನ್ ಮಾಡ್ತಾರೆ?"

"ಗೊತ್ತಿಲ್ಲಮ್ಮ. ಕಲಿಸ್ತಾರೆ, ಕಲೀತೀನಿ."

"ಗೊತ್ತಿಲ್ದೆ ಯಾರಾದ್ರೂ ಓದ್ತಾರೇನೇ?"

ಪಾಠ ಹೇಳಲು ಚೀನಾದಿಂದ ಯಾರೋ ಬರುತ್ತಾರೆ ಎಂದುಕೊಂಡಿದ್ದೆವು. ಬಂದವರು ಕೋಲ್ಕತ್ತಾದಲ್ಲಿ ಹುಟ್ಟಿ ಬೆಳೆದ ಚೀನೀ ಮನೆತನದ ಹೆಂಗಸು. ಫೋನಿನಲ್ಲಿ ಯಾರೊಡನೆಯೋ ಬಂಗಾಳಿಯಲ್ಲಿ ಜಗಳವಾಡುತ್ತ ಒಳಗೆ ಬಂದರು. ಅವರನ್ನು ನಾವು ಲಾವ್‌ಷೀ ಎಂದು ಕರೆಯಬೇಕಿತ್ತು. ಮೇಷ್ಟರಿಗೂ ಮೇಡಮ್ಮಿಗೂ ಅದೊಂದೇ ಪದ. ನಮಗೆಲ್ಲ ಒಂದೊಂದು ಚೀನೀ ಹೆಸರನ್ನೂ ಇಟ್ಟರು. ನನ್ನ ಹೆಸರು ಕೂಗಿದಾಗಲೆಲ್ಲ ಯಾರನ್ನೋ ಕರೆಯುತ್ತಿದ್ದಾರೆಂದು ನಾನು ಹಿಂದಿನ ಬೆಂಚಿನತ್ತ ನೋಡುತ್ತಿದ್ದೆ.

ಬರವಣಿಗೆ ಕಷ್ಟವೆಂದು ಎಲ್ಲರೂ ಹೆದರಿಸಿದ್ದರು. ನನ್ನನ್ನು ಕಾಡಿದ್ದು ದನಿ. ಆ ಭಾಷೆಯಲ್ಲಿ ಕೊಳ್ಳುವುದಕ್ಕೂ ಮಾರುವುದಕ್ಕೂ 'ಮಾಯ್' ಎಂಬ ಒಂದೇ ಸದ್ದು. ದನಿ ತಗ್ಗಿ ಎದ್ದರೆ ಕೊಂಡಂತೆ, ಮೇಲಿನಿಂದ ಬಿದ್ದರೆ ಮಾರಿದಂತೆ. ತರಗತಿಯಲ್ಲಿ ಅಂಗಡಿಯ ಆಟವಾಡಿಸಿದಾಗ ನಾನು ಸೇಬು ಕೊಳ್ಳಲು ಹೋಗಿ ಪ್ರತಿ ಸಲವೂ ಮಾರಿ ಬರುತ್ತಿದ್ದೆ. ಸಂಸ್ಕೃತಿಯ ಪಾಠ ಬೇರೆ ಇತ್ತು. ಕುಂಚ ಹಿಡಿಯುವ ಕ್ರಮ, ಊಟದ ಮೇಜಿನಲ್ಲಿ ಹಿರಿಯರು ಕೂರುವ ಜಾಗ, ಹೊಸ ವರ್ಷದ ಆಚರಣೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಹಾಗಾಗಿ ಅರ್ಥವಾಗಿದೆ ಎಂದೇ ಅಂದುಕೊಂಡಿದ್ದೆ.

ಎರಡನೆಯ ವರ್ಷದಲ್ಲಿ ಒಂದು ಶುಕ್ರವಾರ ಅಮ್ಮನ ಫೋನ್ ಬಂತು. ಅವಳು ಪೀಣ್ಯದ ಒಂದು ಚಿಕ್ಕ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಳು. ಊಟದ ಡಬ್ಬಿಯ ಮುಚ್ಚಳ ಮಾಡುವ ಹೊಸ ಮೆಷಿನ್ ಅಲ್ಲಿಗೆ ಬಂದಿತ್ತು. ಅದನ್ನು ಕೂರಿಸಲು ಚೀನಾದಿಂದ ಒಬ್ಬ ಟೆಕ್ನಿಷಿಯನ್ ಬಂದಿದ್ದ. ಅವನಿಗೆ ಇಂಗ್ಲಿಷ್ ಬಾರದು. ಮೊಬೈಲಿನ ಅನುವಾದ ನಂಬಿ ಎಲ್ಲರೂ ಸುಸ್ತಾಗಿದ್ದರು.

"ನಾಳೆ ಬಂದ್ಬಿಡು. ಓನರ್‌ಗೆ ಹೇಳ್ಬಿಟ್ಟಿದೀನಿ."

"ಏನಂತ ಹೇಳಿದೀಯ?"

"ನಮ್ಮ ಹುಡುಗಿ ಚೀನಿ ಮಾತಾಡ್ತಾಳೆ ಅಂತ."

"ಅಮ್ಮ, ನಂಗೆ ಬಸ್ ಎಲ್ಲಿ ನಿಲ್ಲುತ್ತೆ ಅಂತ ಕೇಳಕ್ಕೆ ಬರುತ್ತೆ, ಅಷ್ಟೆ."

"ಸಾಕಲ್ಲ. ಇಲ್ಲಿರೋರಿಗೆ ಅಷ್ಟೂ ಬರಲ್ಲ."

ಮರುದಿನ ಕಾರ್ಖಾನೆಗೆ ಹೋದೆ. ಟೆಕ್ನಿಷಿಯನ್ ನಮ್ಮ ಮಾವನ ವಯಸ್ಸಿನ, ತೋಳು ಮಡಚಿದ ಅಂಗಿಯ ಮನುಷ್ಯ. ನಾನು ಕಲಿತಂತೆ ನಮಸ್ಕಾರ ಹೇಳಿದೆ. ಆತನ ಮುಖ ಅರಳಿತು. ಒಂದೇ ಉಸಿರಿಗೆ ಏನೇನೋ ಹೇಳತೊಡಗಿದ. ನಮ್ಮ ಪಠ್ಯದ ಧ್ವನಿಮುದ್ರಿಕೆಯಲ್ಲಿ ಜನ ಒಂದು ವಾಕ್ಯ ಹೇಳಿ ನನಗಾಗಿ ಕಾಯುತ್ತಿದ್ದರು. ಈತ ಕಾಯಲಿಲ್ಲ. ನಿಧಾನವಾಗಿ ಹೇಳಿ ಎಂದು ಬೇಡಿಕೊಂಡೆ. ನಿಧಾನವಾಗಿ ಹೇಳಿದ ಮೇಲೂ ಅದು ನಾನು ಕಲಿತ ಭಾಷೆಯೇ ಹೌದೋ ಅಲ್ಲವೋ ತಿಳಿಯಲಿಲ್ಲ.

ಅಚ್ಚು ತಣಿಯಲು ಎಷ್ಟು ಸೆಕೆಂಡು ಬಿಡಬೇಕು ಎಂಬುದು ಓನರ್ ಪ್ರಶ್ನೆ. ಆತ "ಸ" ಎಂಬಂಥದ್ದೇನೋ ಅಂದ. ಸಕಾರವಾದರೆ ನಾಲ್ಕು, ಶಕಾರವಾದರೆ ಹತ್ತು ಎಂದು ಲಾವ್‌ಷೀ ಕಲಿಸಿದ್ದರು. ನಾನು ಧೈರ್ಯವಾಗಿ "ನಾಲ್ಕು" ಅಂದೆ. ಮುಚ್ಚಳಗಳು ಹಪ್ಪಳದ ಹಾಗೆ ಸೊಟ್ಟಗಾಗಿ ಬಿದ್ದವು. ಟೆಕ್ನಿಷಿಯನ್ ಅಲ್ಲವೆಂದು ತಲೆಯಾಡಿಸಿ, ಎರಡು ತೋರುಬೆರಳುಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು ತೋರಿಸಿದ.

"ಮೆಷಿನ್ನೇ ಆಗಲ್ಲ ಅಂತಿದಾನಾ?" ಓನರ್ ಗಾಬರಿಯಾದರು.

"ಗೊತ್ತಾಗ್ತಿಲ್ಲ ಸಾರ್."

ಒಂದು ರಟ್ಟಿನ ಪೆಟ್ಟಿಗೆ ತಂದು, ಬರೆದು ತೋರಿಸಿ ಎಂದು ಪೆನ್ನು ಕೊಟ್ಟೆ. ಆತ ಒಂದು ಅಡ್ಡಗೆರೆ, ಅದರ ನಡುವೆ ಒಂದು ಉದ್ದಗೆರೆ ಎಳೆದ.

"ಪ್ಲಸ್ಸಾ? ಜಾಸ್ತಿ ಮಾಡಬೇಕಾ? ಏನು ಜಾಸ್ತಿ ಮಾಡಬೇಕು?" ಎಂದರು ಓನರ್.

ಅಕ್ಷರ ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಅದು ಹತ್ತು ಎಂಬುದರ ಚೀನೀ ಅಕ್ಷರ. ಬೆರಳಿನಲ್ಲಿ ತೋರಿಸಿದ್ದೂ ಅದನ್ನೇ. ದಕ್ಷಿಣ ಚೀನಾದ ಅವನ ಸೀಮೆಯಲ್ಲಿ ಎಷ್ಟೋ ಜನರ ಬಾಯಲ್ಲಿ ಶಕಾರವೂ ಸಕಾರವೇ ಆಗುತ್ತದೆ ಎಂಬುದು ಆಮೇಲೆ ತಿಳಿಯಿತು. ಹತ್ತು ಸೆಕೆಂಡು ಬಿಟ್ಟ ಮೇಲೆ ಮುಚ್ಚಳಗಳು ನೆಟ್ಟಗೆ ಬಂದವು. ಓನರ್ ನನಗೇ ಥ್ಯಾಂಕ್ಸ್ ಹೇಳಿದರು. ಅಮ್ಮ ಅಕ್ಕಪಕ್ಕದವರನ್ನು ನೋಡಿ ನಕ್ಕಳು. ನಾನು ಸರಿ ಮಾಡಿದೆನೋ ಕೆಡಿಸಿದೆನೋ ನನಗೇ ಸ್ಪಷ್ಟವಿರಲಿಲ್ಲ.

ಊಟದ ಹೊತ್ತಿಗೆ ಆತ "ಕಾಯ್ ಶುಯ್" ಬೇಕೆಂದ. ಎರಡೂ ಪದ ನನಗೆ ಗೊತ್ತಿದ್ದವು. ಒಂದರ ಅರ್ಥ ತೆರೆಯುವುದು, ಇನ್ನೊಂದರ ಅರ್ಥ ನೀರು. ಆತನನ್ನು ಹಿಂಬದಿಯ ನಲ್ಲಿಯ ಬಳಿ ಕರೆದೊಯ್ದು ತಿರುಗಿಸಿ ತೋರಿಸಿದೆ. ಆತ ಹರಿಯುವ ನೀರನ್ನೂ ನನ್ನನ್ನೂ ನೋಡಿ, ಚೀಲದಿಂದ ಟೀ ಸೊಪ್ಪು ಹಾಕಿದ್ದ ಫ್ಲಾಸ್ಕ್ ತೆಗೆದು ಮುಚ್ಚಳ ಬಿಚ್ಚಿದ. ಕುದಿಸಿದ ನೀರು ಎಂದು ಆಗ ಹೊಳೆಯಿತು. ಇಬ್ಬರೂ ಎದುರಿನ ಟೀ ಅಂಗಡಿಗೆ ಹೋದೆವು. ಬರೀ ಬಿಸಿನೀರು ಕೇಳಿದ್ದಕ್ಕೆ ಅಂಗಡಿಯವನು, "ಹುಷಾರಿಲ್ವಾ ಅವ್ರಿಗೆ?" ಎಂದು ವಿಚಾರಿಸಿದ.

ಅಲ್ಲಿ ಕೂತು ಆತ ನನ್ನನ್ನು, ಚೀನೀ ಯಾಕೆ ಕಲಿಯುತ್ತಿದ್ದೀಯ ಎಂದು ಕೇಳಿದ. ಈ ಪ್ರಶ್ನೆ ಪಠ್ಯದಲ್ಲೇ ಇತ್ತು, ಉತ್ತರವೂ ಇತ್ತು. ನನಗೆ ಚೀನೀ ಸಂಸ್ಕೃತಿ ಇಷ್ಟ ಎಂದು ತಪ್ಪಿಲ್ಲದೆ ಒಪ್ಪಿಸಿದೆ.

"ಯಾವ ಸಂಸ್ಕೃತಿ?" ಎಂದ. ವ್ಯಂಗ್ಯವಿರಲಿಲ್ಲ. ತಿಳಿಯುವ ಆಸೆಯಿಂದಲೇ ಕೇಳಿದ್ದ.

ಕುಂಚ ಎಂದೆ. ಶಾಲೆ ಬಿಟ್ಟ ಮೇಲೆ ಕುಂಚ ಹಿಡಿದೇ ಇಲ್ಲ ಎಂದ. ಹೊಸ ವರ್ಷ ಎಂದೆ. ಕೆಲಸದ ಮೇಲೆ ಊರೂರು ಅಲೆಯುವುದರಲ್ಲಿ ಹಬ್ಬಕ್ಕೆ ಎಷ್ಟೋ ಸಲ ಮನೆ ಸೇರಿಲ್ಲ ಎಂದ, ಅಥವಾ ನನಗೆ ಹಾಗೆ ಕೇಳಿಸಿತು. ನನ್ನ ಪಾಠ ಅಲ್ಲಿಗೆ ಮುಗಿದಿತ್ತು. ನಮ್ಮ ಮನೆಯಲ್ಲಿ ಪಾವಗಡದ ತೆಲುಗು, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಆತ ತಿರುಗಿ ನಿನ್ನದು ಯಾವ ಸಂಸ್ಕೃತಿ ಎಂದಿದ್ದರೆ ಇವುಗಳಲ್ಲಿ ಯಾವುದನ್ನು ಹೇಳುತ್ತಿದ್ದೆನೋ. ಆತ ಕೇಳಲಿಲ್ಲ. ತನ್ನ ಊರಿನ ಮಾತಿನಲ್ಲಿ ಊಟ ಆಯಿತಾ ಎಂದು ಹೇಗೆ ಕೇಳುತ್ತಾರೆಂದು ಹೇಳಿಕೊಟ್ಟ. ನನ್ನ ನಾಲಿಗೆ ಹೊರಳುವವರೆಗೂ ಬಿಡಲಿಲ್ಲ.

ಸೋಮವಾರ ಆ ಮಾತನ್ನು ಲಾವ್‌ಷೀ ಮುಂದೆ ಹೇಳಿದೆ. ಅವರು ಇನ್ನೊಮ್ಮೆ ಹೇಳಿಸಿದರು, ಮತ್ತೂ ಒಮ್ಮೆ ಹೇಳಿಸಿದರು. ಆಮೇಲೆ ನಕ್ಕು, ತಮಗೆ ಅದು ಅರ್ಥವಾಗುವುದಿಲ್ಲ ಎಂದರು. ಅವರ ಮನೆಮಾತು ಚೀನಾದ ಬೇರೆಯೇ ಸೀಮೆಯದಂತೆ. ನಮಗೆ ಕಲಿಸುವ ಈ ಚೀನಿಯನ್ನು ಅವರೂ ತರಗತಿಯಲ್ಲಿ ಕೂತೇ ಕಲಿತದ್ದಂತೆ.

"ನಾನೇ ತಪ್ಪು ಹೇಳ್ತಿರಬಹುದಾ?" ಎಂದು ಕೇಳಿದೆ.

"ಇರಬಹುದು. ಇಲ್ಲದೆಯೂ ಇರಬಹುದು," ಎಂದು ಅವರು ಹಲಗೆ ಒರೆಸತೊಡಗಿದರು. ನಾನು ಪುಸ್ತಕ ಬಿಚ್ಚಿದೆ. ಅಂದಿನ ಪಾಠ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಳ್ಳುವುದು.