ಸಣ್ಣಕ್ಷರ ಓದುವ ಎರ್ಮೆಲಿಂದಾ

ಏಪ್ರಿಲ್ ತಿಂಗಳು, ದಕ್ಷಿಣ ಗೋಳಾರ್ಧದ ಬಂದರು ಊರು ವಾಲ್ಪರೈಸೊಗೆ ಚಳಿ ಕಾಲಿಡುವ ಸಮಯ. ಬುಧವಾರ ಬೆಳಗಿನ ಆರು ಗಂಟೆ. ಕಡಲ ಮಂಜು ಇನ್ನೂ ಸಂತೆಯ ಮೇಲಿಂದ ಎದ್ದಿಲ್ಲ. ಎರ್ಮೆಲಿಂದಾ ಕಿಲೊದ್ರಾನ್ ನಾಯಿ, ಬೆಕ್ಕುಗಳ ಒಣ ಆಹಾರದ ಹನ್ನೆರಡು ಚೀಲಗಳನ್ನು ಸಾಲಾಗಿ ಜೋಡಿಸುತ್ತಿದ್ದಾರೆ. ಹೊಸ ಚೀಲ ಬಂದರೆ ಮೊದಲು ಅದನ್ನು ಬೋರಲು ಹಾಕಿ, ಭೂತಗನ್ನಡಿ ಹಿಡಿದು ಬೆನ್ನಿನ ಸಣ್ಣಕ್ಷರ ಓದಬೇಕು. ಮಾರಾಟ ಆಮೇಲೆ.

"ಮುಂದುಗಡೆ ಕೆಂಪಗೆ ಹೊಳೆಯೋ ಮಾಂಸದ ತುಂಡು. ಹಿಂದುಗಡೆ ಮೊದಲು ಮೆಕ್ಕೆಜೋಳ, ಆಮೇಲೆ ಗೋಧಿ ತೌಡು, ಸೋಯಾ. ಮಾಂಸ ಬರೋ ಹೊತ್ತಿಗೆ ನನ್ನ ಕಣ್ಣೇ ಸೋತಿರುತ್ತೆ," ಎಂದು ಗೊಣಗುತ್ತಾರೆ. ಜಾಸ್ತಿ ಹಾಕಿದ್ದನ್ನು ಮೊದಲು ಬರೆಯುತ್ತಾರೆ ಎಂಬ ಇಷ್ಟು ಸಣ್ಣ ಸಂಗತಿಯನ್ನು ಹತ್ತೊಂಬತ್ತು ವರ್ಷದಿಂದ ಹೇಳಿ ಹೇಳಿ ಬಾಯಿ ನೊಂದಿದೆ. ಗಿರಾಕಿಗಳು ಹೂಂಗುಟ್ಟಿ ಬಣ್ಣದ ಕಾಳಿಗೇ ಕೈ ಹಾಕುತ್ತಾರೆ. ಕೆಂಪು ಕಾಳು ಮಾಂಸದ್ದು, ಹಸಿರು ತರಕಾರಿಯದ್ದು ಅಂತ ಅವರ ಲೆಕ್ಕ.

ಓದಿದ್ದು ಆರನೇ ತರಗತಿ. ಮೀನಿನ ಡಬ್ಬಿ ತುಂಬುವ ಕಾರ್ಖಾನೆ ಮುಚ್ಚಿದ ಮೇಲೆ ಈ ಸಂತೆಗೆ ಬಂದವರು. ಡಬ್ಬಿಯ ಒಳಗೆ ಏನು ಹೋಗುತ್ತದೆ, ಮೇಲೆ ಏನು ಅಂಟಿಸುತ್ತಾರೆ ಎಂಬುದನ್ನು ಅಲ್ಲೇ ಕಂಡಿದ್ದಾರೆ.

ಎಂಟಕ್ಕೆ ಮುದುಕ ಮೀನುಗಾರ ಡೋನ್ ಬೌದಿಲಿಯೊ ಬರುತ್ತಾರೆ. ಅವರ ಮನೆಯಲ್ಲಿ ನಾಯಿಗೂ ಬೆಕ್ಕಿಗೂ ಒಂದೇ ಬಟ್ಟಲು, ಮೂರು ವರ್ಷದಿಂದ ಎರಡಕ್ಕೂ ನಾಯಿಯ ಆಹಾರವೇ. ಈಗ ಪಾಂಕೊರಾ ಎಂಬ ಆ ಬೆಕ್ಕು ಕುರ್ಚಿಯ ಕಾಲಿಗೆ ಮುಖ ಹೊಡೆದುಕೊಳ್ಳುತ್ತಿದೆ. ಮಾಂಸದಲ್ಲಿರುವ ಟಾರಿನ್ ಎಂಬ ಸತ್ವ ಸಿಗದೆ ಕಣ್ಣು ಕೆಟ್ಟಿದೆ, ಹೋದದ್ದು ಬಾರದು, ಉಳಿದದ್ದಾದರೂ ಉಳಿಯಬೇಕಾದರೆ ಊಟ ಬದಲಿಸಿ ಎಂದಿದ್ದಾರೆ ಪ್ರಾಣಿಗಳ ಡಾಕ್ಟರಮ್ಮ. ಎರ್ಮೆಲಿಂದಾ ಇದನ್ನೇ ಹೋದ ವರ್ಷದಿಂದ ಹೇಳುತ್ತಿದ್ದಾರೆ. ಇವತ್ತು ಬೆಕ್ಕಿನ ಚೀಲ, ಬೆಕ್ಕಿನ ಹಸಿ ಊಟದ ಡಬ್ಬಿ ಎರಡನ್ನೂ ಮುಂದಿಟ್ಟರೂ ಮುದುಕರು ಮತ್ತೆ ನಾಯಿ ಚೀಲವನ್ನೇ ಕೇಳುತ್ತಾರೆ.

"ನಿನ್ನ ಬೆಕ್ಕಿನ ಡಬ್ಬಿ ಮೇಲೆ ಪ್ರೋಟೀನ್ ನೂರಕ್ಕೆ ಒಂಬತ್ತು, ಅಂಗಡಿಯಮ್ಮ. ನನ್ನ ಚೀಲದ ಮೇಲೆ ಹದಿನೆಂಟು. ಯಾರಿಗೆ ಟೋಪಿ ಹಾಕ್ತೀಯ?"

"ನೀವು ನೀರು ತೂಗ್ತಿದ್ದೀರಿ, ಡೋನ್ ಬೌದಿಲಿಯೊ."

ಎರ್ಮೆಲಿಂದಾ ಸಿಟ್ಟಿನಲ್ಲೇ ಡಬ್ಬಿ ಒಡೆದು ನೂರು ಗ್ರಾಂ ತೂಗಿ, ಚಹಾದ ಒಲೆಯ ಮೇಲೆ ಬಾಣಲೆ ಇಡುತ್ತಾರೆ. ಈ ತಿಂಗಳಲ್ಲಿ ಇದು ನಾಲ್ಕನೇ ಬಾಣಲೆ. ಒಂದು ಗಂಟೆ ಕಳೆದರೆ ನೀರೆಲ್ಲ ಆರಿ ಉಳಿಯುವುದು ಇಪ್ಪತ್ತು ಗ್ರಾಂ. ಆ ಇಪ್ಪತ್ತರಲ್ಲಿ ಒಂಬತ್ತು ಪ್ರೋಟೀನ್ ಎಂದು ತೋರಿಸುತ್ತಾರೆ. ನಾಯಿ ಚೀಲದ ನೂರು ಗ್ರಾಂನಲ್ಲಿ ನೀರು ಹತ್ತೇ, ಉಳಿದ ತೊಂಬತ್ತಕ್ಕೆ ಹದಿನೆಂಟು, ಅದೂ ಹೆಚ್ಚಿನದು ಜೋಳ, ಸೋಯಾದ್ದು.

"ಈ ನಾಯಿ ಚೀಲದ ಮೇಲೆ ಟಾರಿನ್ ಅನ್ನೋ ಹೆಸರು ಹುಡುಕಿ ಕೊಡಿ, ಅಂಗಡಿನೇ ಬರೆದುಕೊಡ್ತೀನಿ."

ಮುದುಕರು ಭೂತಗನ್ನಡಿ ಹಿಡಿದು ಬಹಳ ಹೊತ್ತು ಹುಡುಕುತ್ತಾರೆ. ಕೊನೆಗೆ ನಿಜ ಹೊರಬೀಳುತ್ತದೆ: ಬಟ್ಟಲು ಬೇರೆ ಮಾಡಿದರೆ ನಾಯಿ ಮುನಿಸಿಕೊಂಡು ಊಟವನ್ನೇ ಮುಟ್ಟುವುದಿಲ್ಲ.

ಎರ್ಮೆಲಿಂದಾ ಹಣೆ ಒತ್ತಿಕೊಳ್ಳುತ್ತಾರೆ. "ಬೆಕ್ಕಿನ ಊಟ ತಿಂದ್ರೆ ನಾಯಿ ದಪ್ಪ ಆಗುತ್ತೆ. ನಾಯಿ ಊಟ ತಿಂದ್ರೆ ಬೆಕ್ಕು ಕುರುಡಾಗುತ್ತೆ. ಯಾವುದು ಬೇಕು ಹೇಳಿ."

"ದಪ್ಪ," ಎನ್ನುತ್ತಾರೆ ಮುದುಕರು, ತಲೆ ತಗ್ಗಿಸಿ.

ಎರ್ಮೆಲಿಂದಾಗೆ ದೊಡ್ಡ ಆಸೆಗಳೇನಿಲ್ಲ. ಮುಂದಿನ ತಿಂಗಳು ಈ ಮನುಷ್ಯ ಬಂದು, ನಾಯಿಗೆ ಹೊಟ್ಟೆ ಬಂತು ಅಂತ ತನ್ನನ್ನು ಬೈದರೆ ಸಾಕು. ಆ ಬುಧವಾರ ಹತ್ತು ಗಂಟೆಗೆ ಡೋನ್ ಬೌದಿಲಿಯೊ ಬೆಕ್ಕಿನ ಚೀಲವನ್ನು ಹೆಗಲಿಗೇರಿಸಿ, ಗುಡ್ಡದ ಮೆಟ್ಟಿಲು ಹತ್ತಿ ಹೋದರು.