ಚೌಕ ಎಣಿಸಿ ಕೊಂಡ ಕಂಪ್ಯೂಟರು

ಅಂಗಡಿಯವನ ಎದುರು ನಿಂತು ‘ನನಗೆ ಗೊತ್ತಿಲ್ಲ’ ಎಂದು ಹೇಳುವುದು ನನ್ನಿಂದ ಆಗದ ಕೆಲಸ. ಬದನೆಕಾಯಿಯಿಂದ ಬಂಗಾರದವರೆಗೆ ಎಲ್ಲವನ್ನೂ ನಾನು ಬಲ್ಲವಳ ಮುಖ ಮಾಡಿಕೊಂಡೇ ಕೊಂಡಿದ್ದೇನೆ. ಎತ್ತಿ ನೋಡಿ, ತಟ್ಟಿ ನೋಡಿ, ಹೋದ ವಾರದ ಮಾಲು ಇದಕ್ಕಿಂತ ಛಲೋ ಇತ್ತೆಂದು ಒಂದು ಮಾತು ಬಿಟ್ಟರೆ ಅಂಗಡಿಯವನು ಅರ್ಧ ಸೋತಂತೆಯೇ. ಈ ವಿದ್ಯೆ ನನಗೆ ಕೈಕೊಟ್ಟದ್ದು ಒಂದೇ ಸಲ, ಮನೆಗೆ ಕಂಪ್ಯೂಟರು ಕೊಳ್ಳುವಾಗ. ಅದೂ ಪೂರ್ತಿ ಕಂಪ್ಯೂಟರಿನಲ್ಲಿ ಅಲ್ಲ, ಅದರೊಳಗಿನ ಗೇಣುದ್ದದ ಒಂದು ಪಟ್ಟಿಯಲ್ಲಿ ಮಾತ್ರ.

ನಾನು ರಾಮದುರ್ಗದ ನೇಕಾರರ ಮನೆಯ ಮಗಳು. ಸೀರೆಯ ಅಂಚು, ಸೆರಗುಗಳಿಗೆ ಚೌಕುಳಿ ಹಾಳೆಯ ಮೇಲೆ ನಕ್ಷೆ ಬರೆದುಕೊಡುವುದು ನನ್ನ ಕಸುಬು. ಒಂದು ಚೌಕವೆಂದರೆ ಒಂದು ಎಳೆ. ಚೌಕ ತುಂಬಿದರೆ ಎಳೆ ಮೇಲೇಳಬೇಕು, ಖಾಲಿ ಬಿಟ್ಟರೆ ಕೆಳಗಿರಬೇಕು. ನವಿಲಿನ ಕೊರಳು ನಿಮ್ಮ ಸೀರೆಯ ಮೇಲೆ ಎಷ್ಟೇ ಮೆತ್ತಗೆ ಬಳುಕಿರಲಿ, ಹಾಳೆಯ ಮೇಲೆ ಅದು ಮೆಟ್ಟಿಲು ಮೆಟ್ಟಿಲಾಗಿಯೇ ಹತ್ತಿರುತ್ತದೆ.

ಹೊಸ ಶತಮಾನ ಬಂದು ಎರಡು ಮೂರು ವರ್ಷವಾಗಿತ್ತು. ಊರಿನಲ್ಲಿ ಹತ್ತಾರು ಮಗ್ಗ ನಡೆಸುತ್ತಿದ್ದ, ನನಗೆ ಬಹಳ ವರ್ಷದಿಂದ ಕೆಲಸ ಕೊಡುತ್ತಿದ್ದ ಈರಪ್ಪನವರು ಒಂದು ದಿನ ಮನೆಗೆ ಬಂದು ಕುಳಿತರು. ಚಹಾ ಮುಗಿಸಿ, ಕಪ್ಪನ್ನು ಕೆಳಗಿಟ್ಟು ಹೇಳಿದರು: “ತಂಗಿ, ಅಂಚು ನಾಕ ಎಳಿ ಅಗಲ ಮಾಡ ಅಂದ್ರ ನೀ ಎಂಟ ದಿವಸ ತಗೋತಿ. ಹೊರಗಿನವ್ರು ಕಂಪ್ಯೂಟರಿನ್ಯಾಗ ಮಾಡಿ ಮರುದಿವಸ ಫ್ಲಾಪಿ ಕಳಸ್ತಾರ. ದೀಪಾವಳಿ ತನಕ ನೋಡತೇನಿ.”

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಅವರು ಮರುಕದಿಂದ ಹೇಳಿದರು. ಆ ಸಂಜೆಯೇ ನಾನು ಕಂಪ್ಯೂಟರು ಕೊಳ್ಳುವುದೆಂದು ತೀರ್ಮಾನಿಸಿದೆ.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಕಂಪ್ಯೂಟರಿಗೆ ಒಂದು ಮತ್ತು ಸೊನ್ನೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ ಎನ್ನುವುದರಿಂದ ಅವರು ಪಾಠ ಶುರು ಮಾಡಿದರು. ನಾನು ಅವರಿಗೆ ಅಪ್ಪನ ಮಗ್ಗದ ಮೇಲಿದ್ದ ರಟ್ಟುಗಳನ್ನು ನೆನಪಿಸಿದೆ. ರಟ್ಟಿನಲ್ಲಿ ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಅಪ್ಪ ಮೂರನೇ ಇಯತ್ತೆ ಓದಿದವರು, ಜೀವಮಾನವೆಲ್ಲ ಅದೇ ಒಂದು-ಸೊನ್ನೆಯಲ್ಲಿ ಬದುಕಿದರು. ಮಾಸ್ತರು ಹೌದೆಂದು ತಲೆಯಾಡಿಸಿದರು. ಆಮೇಲೆ, ಮಾಸ್ತರುಗಳ ಪದ್ಧತಿಯಂತೆ, ಪಾಠವನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದರು.

ಸಿದ್ಧ ಕಂಪ್ಯೂಟರು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಬಿಡಿಭಾಗ ಕೊಂಡು ಜೋಡಿಸಿದರೆ ಸಾಕಷ್ಟು ಉಳಿಯುತ್ತದೆ ಎಂದು ತಿಳಿಯಿತು. ಮನೆಯವರು ಪತ್ರಿಕೆಗಳನ್ನು ಓದಿ ಒಂದು ಯಾದಿ ಬರೆದರು. ಅತಿ ವೇಗದ ಪ್ರೊಸೆಸರು, ದೊಡ್ಡ ಹಾರ್ಡ್ ಡಿಸ್ಕು, ಆಟಕ್ಕೆ ಬೇಕಾಗುವ ಗ್ರಾಫಿಕ್ಸ್ ಕಾರ್ಡು, ಮೋಡೆಮ್ಮು, ಎರಡು ಸ್ಪೀಕರು. ಕೊನೆಯಲ್ಲಿ, ದುಡ್ಡು ಮುಗಿದಿದ್ದರಿಂದ, ಒಂದು ಹಳೆಯ ಸಣ್ಣ ಮಾನಿಟರು. ಕಣ್ಣನ್ನೇ ನಂಬಿ ಅನ್ನ ಗಳಿಸುವವಳಿಗೆ ಬರೆದ ಯಾದಿ ಇದು. ನಾನು ಪೆನ್ಸಿಲು ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಓದುತ್ತ ಬಂದೆ. ನಕ್ಷೆಗೆ ದನಿ ಇಲ್ಲ, ಸ್ಪೀಕರು ಹೋದವು. ಫೋನೇ ಇಲ್ಲದ ಮನೆಗೆ ಮೋಡೆಮ್ಮು ಯಾಕೆ? ಅದೂ ಹೋಯಿತು. ಗ್ರಾಫಿಕ್ಸ್ ಕಾರ್ಡೂ ಬೇಡ. ಮಗಳು ಹಾಸ್ಟೆಲಿನಲ್ಲಿದ್ದಳು, ಮನೆಯಲ್ಲಿ ಆಟ ಆಡುವವರಿರಲಿಲ್ಲ, ಇದ್ದವರು ಒಬ್ಬರೇ, ಅವರು ಆ ಯಾದಿ ಬರೆದವರು. ಉಳಿದ ದುಡ್ಡಿನಲ್ಲಿ ಹದಿನೇಳು ಇಂಚಿನ ಹೊಸ ಮಾನಿಟರು, ಒಂದು ಒಳ್ಳೆಯ ಮೌಸು, ಮತ್ತು ಕರೆಂಟು ಹೇಳದೆ ಕೇಳದೆ ಹೋಗುವ ನಮ್ಮ ಊರಿಗೆ ಬೇಕೇ ಬೇಕಾದ ಯುಪಿಎಸ್ಸು ಬರೆದೆ.

ತಂಗಿಯನ್ನು ಬೈಲಹೊಂಗಲಕ್ಕೆ ಕೊಟ್ಟಿದ್ದೆವು. ಅವಳ ಮನೆಯ ಟೀವಿ ರಿಪೇರಿ ಮಾಡುತ್ತಿದ್ದ ದಸ್ತಗೀರಣ್ಣ ಆಗಷ್ಟೇ ಕಂಪ್ಯೂಟರು ಜೋಡಿಸಲು ಹಿಡಿದಿದ್ದರು. ನನ್ನ ಯಾದಿಯನ್ನು ಅವರು ಎರಡು ಸಲ ಓದಿದರು. ಮಾನಿಟರು ಹಚ್ಚಿ ತೋರಿಸಿದಾಗ ನಾನು ಪರದೆಯ ಮೇಲೆ ಚೌಕ ಹಾಕಿಸಿ, ಬೆರಳಿಟ್ಟು ಎಣಿಸತೊಡಗಿದೆ. ಅವರು ಕೈಕಟ್ಟಿ ನಿಂತು ನೋಡಿದರು.

“ಅಕ್ಕಾರ, ಎಲ್ಲಾರೂ ಬಂದು ಸ್ಪೀಡ್ ಎಷ್ಟ ಐತಿ ಅಂತ ಕೇಳತಾರ. ಚೌಕ ಎಷ್ಟ ಕಾಣತಾವು ಅಂತ ಕೇಳಿದವ್ರು ನೀವ ಮೊದಲ.”

ಹೊಗಳಿಕೆ ನನ್ನ ತಲೆಗೇರಿತು ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅವರು ತಮ್ಮ ಅಂಗಡಿಯ ರ‍್ಯಾಮ್ ಪಟ್ಟಿ ಹಾಕಿ ಇಡೀ ಯಂತ್ರವನ್ನು ಜೋಡಿಸಿ, ಓಡಿಸಿ ತೋರಿಸಿದರು. ನಕ್ಷೆಯ ತಂತ್ರಾಂಶವನ್ನೂ ಹಾಕಿದರು. ನಾನು ಎಲ್ಲ ಬಿಚ್ಚಿಕೊಡಲು ಹೇಳಿದೆ. ಕೆಟ್ಟಾಗಲೆಲ್ಲ ಬೈಲಹೊಂಗಲಕ್ಕೆ ಹೊತ್ತು ತರುವವರು ಯಾರು? ಮನೆಯಲ್ಲಿ ನನ್ನ ಕೈಯಿಂದಲೇ ಜೋಡಿಸಿದರೆ ಅದರ ಮರ್ಮ ನನಗೆ ತಿಳಿದಿರುತ್ತದೆ. ರ‍್ಯಾಮ್ ಮಾತ್ರ ಬೇಡವೆಂದೆ. ಮನೆಯವರು ಪರೀಕ್ಷೆಯ ಪೇಪರು ತಿದ್ದಲು ಬೆಳಗಾವಿಗೆ ಹೋಗುವವರಿದ್ದರು, ಅಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಕೇಳಿದ್ದೆ. ದಸ್ತಗೀರಣ್ಣ ಬೇಸರಪಟ್ಟುಕೊಳ್ಳಲಿಲ್ಲ. ಅದರಲ್ಲಿ ಎರಡು ಜಾತಿ ಇವೆ, ಯಾವುದು ಬೇಕೆಂದು ಬರೆದುಕೊಳ್ಳಿ ಎಂದು ಮಾತ್ರ ಹೇಳಿದರು.

“ಗೊತ್ತೈತಿ,” ಎಂದೆ.

ಉಳಿದ ಭಾಗಗಳನ್ನು ಕಾಲಬುಡದಲ್ಲಿ, ಮಾನಿಟರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಬಂದೆ. ಕಂಡಕ್ಟರು ಪೆಟ್ಟಿಗೆಗೂ ಟಿಕೇಟು ಹರಿದ. ದುಡ್ಡು ಕೊಟ್ಟ ಮೇಲೆ ಅದಕ್ಕೂ ಒಂದು ಸೀಟು ಬೇಕೆಂದೆ. ಅವನು ಮುಂದಿನ ಸೀಟಿನವರ ಟಿಕೇಟು ಹರಿಯತೊಡಗಿದ. ಸಾಲಹಳ್ಳಿ ದಾಟುವವರೆಗಿನ ತಗ್ಗುದಿಣ್ಣೆಗಳಲ್ಲಿ ಆ ಪೆಟ್ಟಿಗೆಯನ್ನು ಹಸುಗೂಸಿನಂತೆ ಅವಚಿಕೊಂಡಿದ್ದೆ. ಹೆತ್ತ ಮಗಳನ್ನೂ ಇಷ್ಟು ಜೋಪಾನವಾಗಿ ಬಸ್ಸಿನಲ್ಲಿ ತಂದದ್ದು ನೆನಪಿಲ್ಲ.

ಭಾನುವಾರ ಜೋಡಣೆ. ಮನೆಯವರು ಪುಸ್ತಕ ಹಿಡಿದು ಓದುವುದು, ನಾನು ಕೂಡಿಸುವುದು. ಎಲ್ಲ ಸರಿಯಾಗಿ ಕುಳಿತವು. ಕೊನೆಗೆ ಬೆಳಗಾವಿಯ ರ‍್ಯಾಮ್ ಪಟ್ಟಿ. ಬೋರ್ಡಿನಲ್ಲಿ ಅದು ಕೂರಬೇಕಾದ ಸಂದಿಯಲ್ಲಿ ಒಂದೇ ಗೆಣ್ಣು ಇತ್ತು. ನನ್ನ ಕೈಯಲ್ಲಿದ್ದ ಪಟ್ಟಿಗೆ ಎರಡು ಕಚ್ಚು.

“ಒತ್ತು, ಕುಂಡರತೈತಿ,” ಎಂದರು ಮನೆಯವರು.

“ತಡೀರಿ. ಹಣಗಿಗೆ ಕೂಡದ ಎಳಿ ಒತ್ತಿದ್ರ ಹರೀತೈತಿ.”

ಎಳೆಗಳನ್ನು ಹಲ್ಲುಗಳ ನಡುವೆ ಹಿಡಿದಿಡುವ ಮಗ್ಗದ ಹಣಿಗೆಯ ಮುಂದೆ ಬೆಳೆದವಳಿಗೆ ಅಷ್ಟು ತಿಳಿಯಿತು, ಪುಣ್ಯ. ಒತ್ತಿದ್ದರೆ ಬೋರ್ಡೇ ಹೋಗುತ್ತಿತ್ತು. ಚೀಟಿಯಲ್ಲಿ ನಾನು ಬರೆದುಕೊಟ್ಟಿದ್ದು ‘ರ‍್ಯಾಮ್, ಒಂದು’ ಎಂದಷ್ಟೇ, ಕೊತ್ತಂಬರಿ ಒಂದು ಸಿವುಡು ಎಂದು ಬರೆಯುವ ಹಾಗೆ. ಮನೆಯವರು ಆ ಚೀಟಿಯನ್ನು ತೋರಿಸಲೂ ಇಲ್ಲ, ಒಂದು ಮಾತು ಆಡಲೂ ಇಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಕೊಟ್ಟ ದೊಡ್ಡ ಉಡುಗೊರೆ ಅದೇ ಇರಬೇಕು. ಬೆಳಗಾವಿಯ ಅಂಗಡಿ ಮಾಲು ಹಿಂದೆ ಪಡೆಯುವುದಿಲ್ಲವೆಂದು ಬಿಲ್ಲಿನ ಮೇಲೆಯೇ ಅಚ್ಚಾಗಿತ್ತು.

ಮತ್ತೆ ಬೈಲಹೊಂಗಲ. ಶುಕ್ರವಾರವಾಗಿದ್ದರಿಂದ ದಸ್ತಗೀರಣ್ಣ ನಮಾಜಿಗೆ ಹೋಗಿದ್ದರು. ಮುಚ್ಚಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತು, ಅವರು ಬಂದ ಕೂಡಲೇ ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಹೊಂದಿಸಿದೆ. ಹತ್ತರಲ್ಲೂ ತಪ್ಪು ಬೆಳಗಾವಿಯವರದ್ದೇ ಇತ್ತು. ಅವರು ಬಂದು ಬೀಗ ತೆಗೆದಾಗ ಮಾತ್ರ ಬಾಯಿಂದ ಬಂದದ್ದು ಹನ್ನೊಂದನೆಯದು: “ದಸ್ತಗೀರಣ್ಣ, ಅವತ್ತ ನನಗ ಗೊತ್ತಿರಲಿಲ್ರಿ.”

ಅವರು ನಗಲಿಲ್ಲ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಹಳೆಯ ಯಂತ್ರಗಳಿಗೆ ಇದು ಬೇಕಾಗುತ್ತದೆ ಎಂದು ಇಟ್ಟುಕೊಂಡು, ಬೆಲೆಯ ವ್ಯತ್ಯಾಸವಷ್ಟನ್ನೇ ತೆಗೆದುಕೊಂಡು ಸರಿಯಾದದ್ದನ್ನು ಕೊಟ್ಟರು. ಹೊರಡುವಾಗ ಹೇಳಿದರು: “ಗೊತ್ತಿಲ್ಲ ಅಂದ್ರ ಒಂದ ಮಾತ ಹೋಗತೈತಿ ಅಕ್ಕಾರ. ಗೊತ್ತೈತಿ ಅಂದ್ರ ಬಸ್ ಚಾರ್ಜ್ ಹೋಗತೈತಿ.”

ಯಂತ್ರ ಆ ಸಂಜೆಯೇ ಎದ್ದಿತು. ಎರಡು ತಿಂಗಳು ಕುಳಿತು ಕಲಿತೆ. ಬೆಳಗ್ಗೆ ರೊಟ್ಟಿ ಬಡಿಯುವಾಗಲೂ ಕಣ್ಣೆದುರು ಚೌಕಗಳೇ.

ದೀಪಾವಳಿಗೆ ಹದಿನೈದು ದಿನ ಮುಂಚೆ ಈರಪ್ಪನವರು ಬಂದರು. ಪರದೆಯ ಮೇಲಿನ ಅಂಚನ್ನು ಬಹಳ ಹೊತ್ತು ನೋಡಿ, ನಾಲ್ಕು ಎಳೆ ಅಗಲ ಮಾಡಲು ಹೇಳಿದರು. ನಮ್ಮ ಮನೆಯವರು ಒಳಗೆ ಚಹಾಕ್ಕೆ ನೀರಿಟ್ಟಿದ್ದರು. ಅದು ಕುದಿಯುವುದರೊಳಗೆ ನಾನು ಅಂಚು ಅಗಲಿಸಿ, ಬಳ್ಳಿ ಸರಿಸಿ, ಫ್ಲಾಪಿ ತೆಗೆದು ಅವರ ಕೈಗಿಟ್ಟೆ. ಹೆಮ್ಮೆಯಿಂದ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ ಕೂಡ.

ಈರಪ್ಪನವರು ಫ್ಲಾಪಿಯನ್ನು ಹಿಂದೆ ಮುಂದೆ ತಿರುಗಿಸಿದರು. “ಛಲೋ ಆಗೇತಿ ತಂಗಿ. ಇಷ್ಟ ಕೆಲಸಕ್ಕ ಇಷ್ಟ ವರ್ಷ ಅಷ್ಟ ರೊಕ್ಕ ಕೊಟ್ಟೆನೇನ ನಾ?”

ನಗುತ್ತಲೇ ಕೇಳಿದರು. ಆ ನಗೆಯೊಳಗೆ ಒಂದು ಲೆಕ್ಕ ಓಡುತ್ತಿದ್ದುದು ನನಗೆ ಕಾಣಿಸಿತು. ಕೆಲಸ ನನ್ನ ಹತ್ತಿರವೇ ಉಳಿಯಿತು, ದರವನ್ನೂ ಜಗ್ಗಾಡಿ ಉಳಿಸಿಕೊಂಡೆ. ಆದರೆ ಅಂದಿನಿಂದ, ಕೆಲಸ ಅರ್ಧ ತಾಸಿನಲ್ಲಿ ಮುಗಿದರೂ, ನಾಲ್ಕು ದಿನ ಬಿಟ್ಟು ಬರಲು ಹೇಳುತ್ತೇನೆ. ಆ ನಾಲ್ಕು ದಿನ ಯಾರೂ ಹೇಳದ ನಕ್ಷೆಗಳನ್ನು ನನ್ನ ಖುಷಿಗೆ ಬರೆಯುತ್ತೇನೆ. ಈರಪ್ಪನವರು ಹೆಚ್ಚು ಬೆಲೆ ಕೊಟ್ಟು ಒಯ್ಯುವುದೂ ಅವನ್ನೇ. ಎಷ್ಟು ವೇಗದ ಯಂತ್ರ ಕೊಳ್ಳಬೇಕೆಂದು ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಕೊಂಡ ವೇಗವನ್ನು ಗಿರಾಕಿಗೆ ತೋರಿಸಬಾರದೆಂದು ಯಾವ ಪತ್ರಿಕೆಯೂ ಬರೆದಿರಲಿಲ್ಲ.