ಹೋಟೆಲ್‌ನಲ್ಲಿ ಕೂತಿರು

ಆ ಹೋಟೆಲ್ ರೂಮಿನ ಬೀಗದ ಕೈಯನ್ನು ನಾನೂ ಒಮ್ಮೆ ಎತ್ತಿ ನೋಡಿದ್ದೆ. ಮರೆತು ಯಾರೂ ಜೇಬಿಗೆ ಹಾಕಿಕೊಂಡು ಹೋಗಬಾರದೆಂದು ಅದಕ್ಕೊಂದು ಹಿತ್ತಾಳೆಯ ಗುಂಡು ಕಟ್ಟಿದ್ದರು. ನಿಂಬೆಹಣ್ಣಿಗಿಂತ ದಪ್ಪ, ಒಳ್ಳೇ ಭಾರ. ನನ್ನ ತಂಗಿಯ ಗಂಡ ಅದರಿಂದಲೇ ಅವಳ ಹಣೆಗೆ ಹೊಡೆದ.

ಅದು ಫ್ರಾನ್ಸಿನಲ್ಲಿ, ಲ್ವಾರ್ ನದಿಯ ದಡದ ಒಂದು ಸಣ್ಣ ಊರು. ನಾಲ್ಕು ನೂರು ವರ್ಷದ ಹಳೆಯ ಮನೆ, ಈಗ ಹೋಟೆಲ್. ನಾನು ಆಸ್ಟ್ರೇಲಿಯಾದ ಪರ್ತ್‌ನ ಮೋರ್ಲಿಯಿಂದ ಹೋಗಿದ್ದೆ. ಅವರಿಬ್ಬರು ಅಡಿಲೇಡ್‌ನ ಮಾಡ್ಬರಿಯಿಂದ ಬಂದಿದ್ದರು. ಇಂಥ ಹಳೆಯ ಹೋಟೆಲುಗಳಲ್ಲೇ ಇಳಿದುಕೊಳ್ಳುತ್ತ ಕೋಟೆ, ಅರಮನೆ, ಚರ್ಚು ನೋಡುವುದು ಅವನ ಪ್ಲಾನ್. ಆದರೆ ತಂಗಿಯನ್ನು ಒಪ್ಪಿಸಿ ಹೊರಡಿಸಿದವಳು ನಾನು. ಬ್ರಿಸ್ಬೇನ್‌ನಲ್ಲಿರುವ ಅಣ್ಣ ಫೋನ್ ಮಾಡಿ, "ಒಂದ್ ಟ್ರಿಪ್ ಹೋಗ್ ಬರ್ಲಿ, ಎಲ್ಲ ಸರಿ ಹೋಗತ್ತೆ. ನೀನೂ ಜೊತೇಲಿರು" ಅಂದಿದ್ದ. ಸರಿಹೋಗಬೇಕಾದದ್ದು ಏನು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಎರಡು ವರ್ಷದಲ್ಲಿ ಮೂರು ಸಲ ತಂಗಿ ಊದಿದ ಮುಖದಲ್ಲೇ ವಿಡಿಯೋ ಕಾಲ್‌ಗೆ ಬಂದು, "ಮೆಟ್ಟಿಲ ಮೇಲೆ ಜಾರ್‌ಬಿಟ್ಟೆ" ಅಂದಿದ್ದಳು. ಅವರದು ಒಂದೇ ಅಂತಸ್ತಿನ ಮನೆ. ಅಲ್ಲಿ ಮೆಟ್ಟಿಲೇ ಇಲ್ಲ. ನಾವು ಕೇಳಲಿಲ್ಲ.

ದಾರಿಯುದ್ದಕ್ಕೂ ತಂಗಿಯ ಗಂಡನದು ಒಂದೇ ಫ್ರೆಂಚ್ ಪಾಠ. ತಂಗಿ 'ಹೋಟೆಲ್' ಅಂದಾಗಲೆಲ್ಲ, "ಹೋಟೆಲ್ ಅಲ್ಲ ಕಣೇ, ಓತೆಲ್. ಎಷ್ಟ್ ಸಲ ಹೇಳ್ಬೇಕು ನಿಂಗೆ?" ಅನ್ನುತ್ತಿದ್ದ. ನಗುತ್ತಲೇ ಅನ್ನುತ್ತಿದ್ದ, ನನ್ನೆದುರಿಗೆ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ದಿನ ಬೆಳಿಗ್ಗೆ ತಿಂಡಿಯ ಹಾಲ್‌ನಲ್ಲಿ ತಂಗಿ ಬ್ಯಾಗಿನಿಂದ ಉಪ್ಪಿನಕಾಯಿ ಬಾಟಲಿ ತೆಗೆದಳು. ಎಷ್ಟು ದಿನ ಅಂತ ಬರೀ ಬ್ರೆಡ್ಡು, ಬೆಣ್ಣೆ ತಿನ್ನುವುದು? ಮುಚ್ಚಳ ಬಿಗಿಯಾಗಿತ್ತು. ತಿರುಗಿಸುವಾಗ ಜಾರಿ, ಬಿಳಿ ಮೇಜುಬಟ್ಟೆಯ ಮೇಲೆ ಅಂಗೈಯಗಲ ಎಣ್ಣೆ ಹರಿಯಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವನು ಎಲ್ಲರಿಗೂ ಕ್ಷಮೆ ಕೇಳಿದ, ನಕ್ಕ, ಬೀಗದ ಕೈ ಎತ್ತಿಕೊಂಡು ಅವಳ ಮೊಣಕೈ ಹಿಡಿದು ಮೇಲೆ ಕರೆದುಕೊಂಡು ಹೋದ. ನಾನು ಕಾಫಿ ಮುಗಿಸಿದೆ. ಥೂ, ನಾನು ಕೂತು ಕಾಫಿ ಮುಗಿಸಿದೆ.

ಆ ಮನೆಯ ಗೋಡೆಗಳು ತುಂಬ ದಪ್ಪ. ಆದರೂ ನನ್ನ ರೂಮಿಗೆ ಬಂದು ಬಾಗಿಲು ಹಾಕುವಷ್ಟರಲ್ಲಿ ಏನೋ ಬಿದ್ದ ಸದ್ದು ಕೇಳಿಸಿತು. ಆಮೇಲೆ ತಂಗಿಯ ಚೀರಾಟ. ಓಡಿದೆ. ಹಣೆಯಿಂದ ಕೆನ್ನೆಗೆ ರಕ್ತ ಇಳಿಸಿಕೊಂಡು, ಬರಿಗಾಲಿನಲ್ಲಿ, ಅವಳು ನನ್ನನ್ನು ತಳ್ಳಿಕೊಂಡೇ ಕೆಳಗೆ ಓಡಿಹೋದಳು. ಒಳಗೆ ಅವನು ಅಂಗಿಯ ತೋಳು ಸರಿಮಾಡಿಕೊಳ್ಳುತ್ತಿದ್ದ.

"ಅಕ್ಕ, ನೀವು ಇದ್ರಲ್ಲಿ ತಲೆ ಹಾಕ್ಬೇಡಿ."

ಮೂಲೆಯಲ್ಲಿ ಅಲಂಕಾರಕ್ಕೆಂದು ಇಟ್ಟಿದ್ದ ಪಿಂಗಾಣಿ ಹೂಜಿ ಕೈಗೆ ಸಿಕ್ಕಿತು. ಬೀಸಿ ಒಗೆದೆ. ಭುಜಕ್ಕೆ ತಗುಲಿ ಚೂರಾಯಿತು. ಅವನು ನನ್ನ ತೋಳು ತಿರುಚಿ ಬೀರುವಿಗೆ ನೂಕಿದ. ನಾನು ಅವನ ಮುಂಗೈ ಕಚ್ಚಿದೆ, ಬಾಯಿಗೆ ಉಪ್ಪುಪ್ಪು ರುಚಿ ಬರುವವರೆಗೆ ಬಿಡಲಿಲ್ಲ. ಸುಳ್ಳೇಕೆ ಹೇಳಲಿ, ಹಾಯೆನಿಸಿತು. ಅವನ ತಲೆ ಒಡೆಯಲಿಲ್ಲವಲ್ಲ ಅನ್ನುವ ಹೊಟ್ಟೆಯುರಿ ಇವತ್ತಿಗೂ ಇದೆ.

ಬೀದಿಗೆ ಬಂದು ತಂಗಿಗೆ ಫೋನ್ ಮಾಡಿದೆ. ಎಲ್ಲಿದ್ದೀನೋ ಗೊತ್ತಿಲ್ಲ ಅಂತ ಅಳುತ್ತಿದ್ದಳು. "ಅಲ್ಲೇ ಯಾವ್ದಾದ್ರೂ ಹೋಟೆಲ್ ಇದ್ರೆ ಹೋಗಿ ಕೂತಿರು. ಒಂದ್ ಕಾಫಿ ತಗೊ. ಬಂದೆ" ಅಂದೆ. ಗಾಬರಿಯಲ್ಲಿ ನಾಲಗೆಗೆ ಬಂದದ್ದು ನಮ್ಮ ಮೈಸೂರಿನ ಹೋಟೆಲ್, ಇಡ್ಲಿ ಕಾಫಿ ಸಿಗುವ ಹೋಟೆಲ್.

ಹತ್ತೇ ನಿಮಿಷದಲ್ಲಿ ಅವಳ ಲೊಕೇಶನ್ ಬಂತು. ಅದರ ಹಿಂದೆಯೇ ಅಣ್ಣನ ಫೋನ್. ಆಗಲೇ ತಂಗಿಯ ಗಂಡ ಅಣ್ಣನಿಗೆ ದೂರು ಕೊಟ್ಟಿದ್ದ.

"ಪೊಲೀಸು ಗಿಲೀಸು ಅಂತ ಹೋಗ್ಬೇಡಿ" ಅಂದ ಅಣ್ಣ. "ಅವಳ ಆಸ್ಟ್ರೇಲಿಯಾ ವೀಸಾನೂ ಅವನ ಮೇಲೇ ಇದೆ, ನೆನಪಿರ್ಲಿ. ಮಾನ ಮರ್ಯಾದೆ ನೋಡ್ಕೊ. ಯಾರಾದ್ರೂ ಕೇಳಿದ್ರೆ ಮೆಟ್ಟಿಲಿಂದ ಬಿದ್ಲು ಅನ್ನು."

ತಂಗಿಯ ಲೊಕೇಶನ್ ಹಿಡಿದು ಹೋದ ಕಟ್ಟಡದ ಬಾಗಿಲ ಮೇಲೆ 'ಹೋಟೆಲ್' ಅಂತಲೇ ಕೆತ್ತಿತ್ತು. ಒಳಗೆ ಹೋದರೆ ಕಾಫಿಯೂ ಇಲ್ಲ, ಮಾಣಿಯೂ ಇಲ್ಲ. ಗೋಡೆಯ ಮೇಲೆ ಬಾವುಟ, ಕೌಂಟರಿನಲ್ಲಿ ಫೈಲುಗಳು. ಆ ದೇಶದಲ್ಲಿ ಊರಿನ ಮುನಿಸಿಪಾಲಿಟಿ ಆಫೀಸಿಗೂ ಹೋಟೆಲ್ ಅನ್ನುತ್ತಾರೆ! ತಂಗಿ ಬೆಂಚಿನ ಮೇಲೆ ಕೂತು, ಯಾರಾದರೂ ಬಂದು ಏನು ಬೇಕು ಅಂತ ಕೇಳಲಿ ಎಂದು ಕಾದಿದ್ದಳಂತೆ. ಕೇಳಿದ್ದು ಅಲ್ಲಿನ ಒಬ್ಬ ಹೆಂಗಸು. ಬಿಳಿ ಕೂದಲು, ಕತ್ತಿಗೆ ದಾರದಲ್ಲಿ ತೂಗುಹಾಕಿದ ಕನ್ನಡಕ. ಅವಳು ತಂಗಿಯ ಹಣೆಗೆ ಟವೆಲ್ ಒತ್ತಿ ಹಿಡಿದಿದ್ದಳು. ಪಕ್ಕದಲ್ಲಿ ಪೊಲೀಸರವನೊಬ್ಬ ನಿಂತಿದ್ದ.

ಆ ಹೆಂಗಸು ತಡವರಿಸುವ ಇಂಗ್ಲಿಷ್‌ನಲ್ಲಿ ನನ್ನನ್ನು ಕೇಳಿದಳು, ಇದನ್ನು ಮಾಡಿದ್ದು ಯಾರು ಅಂತ.

ನನ್ನದು ಬಾಯಿ ಜೋರು. ಮೋರ್ಲಿಯ ಅಂಗಡಿಯಲ್ಲಿ ಜಗಳಗಂಟಿ ಗಿರಾಕಿಗಳನ್ನು ನನ್ನ ಹತ್ತಿರವೇ ಕಳಿಸುತ್ತಾರೆ. ಈಗಷ್ಟೇ ಹೂಜಿ ಒಡೆದು, ಕಚ್ಚಿ ಬಂದವಳು. ಅಂಥ ನಾನು ಹೇಳಿದೆ: "ಸ್ಟೇರ್ಸ್. ಮೆಟ್ಟಿಲಿನಿಂದ ಬಿದ್ದಳು."

ತಂಗಿ ಟವೆಲ್ ಸರಿಸಿ ನನ್ನನ್ನು ನೋಡಿದಳು. ಅವಳ ಬಲಗೈ ಅಲ್ಲಿಯವರೆಗೂ ಮುಷ್ಟಿಯಾಗಿತ್ತು. ಅದನ್ನು ಬಿಚ್ಚಿ, ರೂಮಿನಿಂದ ಓಡುವಾಗ ಎತ್ತಿಕೊಂಡು ಬಂದಿದ್ದ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಗುಂಡಿಗೆ ಎರಡು ಕೂದಲು ಅಂಟಿಕೊಂಡಿದ್ದವು.

"ಮೈ ಹಸ್ಬೆಂಡ್" ಅಂದಳು ಆ ಹೆಂಗಸಿಗೆ. ಆಮೇಲೆ ನನಗೆ: "ನೀನು ಸುಮ್ನಿರು, ಅಕ್ಕ. ನೀನೂ ಅಣ್ಣನೂ ಸೇರ್ಕೊಂಡು ನಂಗೆ ಇನ್ನೂ ಎಷ್ಟು ಮೆಟ್ಟಿಲು ಕಟ್ಟಿಸ್ತೀರಾ?"

ಅವತ್ತು ಮಧ್ಯಾಹ್ನವೇ ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಅವಳ ಹಣೆಗೆ ಏಳು ಹೊಲಿಗೆ ಬಿತ್ತು. ಅಡಿಲೇಡ್‌ಗೆ ಮರಳಿದ ಮೇಲೆ ವೀಸಾದ ಓಡಾಟವನ್ನೆಲ್ಲ ಅವಳೊಬ್ಬಳೇ ಮಾಡಿದಳು. ಅಣ್ಣನ ಫೋನ್ ಎತ್ತುವುದಿಲ್ಲ.

ಈಗ ಅವಳದು ಮಾಡ್ಬರಿಯಲ್ಲೇ ಬೇರೆ ಮನೆ. ವರ್ಷಕ್ಕೆರಡು ಸಲ ಪರ್ತ್‌ನಿಂದ ಹೋಗುತ್ತೇನೆ. ಬಾ ಅಕ್ಕ ಅನ್ನುತ್ತಾಳೆ, ಬಿಸಿಯಾಗಿ ಬಡಿಸುತ್ತಾಳೆ. ಹೋದ ಸಲ ಅವಳು ಕೆಲಸಕ್ಕೆ ಹೊರಟಾಗ, ನಾನೂ ಪೇಟೆಗೆ ಹೋಗಿಬರುತ್ತೇನೆ, ಇನ್ನೊಂದು ಬೀಗದ ಕೈ ಇದ್ದರೆ ಕೊಟ್ಟಿರು ಅಂದೆ. ಅದು ಎದುರುಮನೆ ಆಂಟಿಯ ಹತ್ತಿರ ಇದೆ ಅಂದಳು, ಇಸ್ಕೊ ಅನ್ನಲಿಲ್ಲ. ಪೇಟೆಯಿಂದ ಬಂದು, ಸಂಜೆ ಅವಳು ಬರುವವರೆಗೂ ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ.